ಕೆರೆಯ ನೀರುಚಿಗಟದಲ್ಲಿ ಹೊಸ ಪರಾವಲಂಬಿಯನ್ನು ಗುರುತಿಸುವುದು ಹೇಗೆ?

ಮೈಸೂರಿನ ಕುಕ್ಕರಹಳ್ಳಿ ಅಥವಾ ಲಿಂಗಾಂಬುಧಿ ಕೆರೆಯಂತಹ ನೀರಿನಲ್ಲಿ ಬದುಕುವ ಮೊಯಿನಾ, ಡ್ಯಾಫ್ನಿಯಾ ಮೊದಲಾದ ನೀರುಚಿಗಟಗಳ (ಸಿಗಡಿಯ ಸಂಬಂಧಿಗಳಾದ ಪುಟ್ಟ ಜಲಜೀವಿಗಳು) ದೇಹ ಪಾರದರ್ಶಕವಾಗಿರುವುದರಿಂದ, ಅವುಗಳೊಳಗಿನ ರೋಗವನ್ನು ಕೊಯ್ಯದೆಯೇ ನೋಡಬಹುದು. ಇದು ಸಂಶೋಧಕನಿಗೆ ದೊರೆತ ದೊಡ್ಡ ಅನುಕೂಲ. ಅನುಮತಿ ಪಡೆದು, ಸುಮಾರು 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣ್ಣಿನ ಬಲೆಯಿಂದ ಅವುಗಳನ್ನು ಸಂಗ್ರಹಿಸಿ, ಬಿಸಿಲು ತಾಗದಂತೆ ಜೀವಂತವಾಗಿಯೇ ತನ್ನಿ.

ಕಪ್ಪು ಹಿನ್ನೆಲೆಯ ಮೇಲೆ ಇಟ್ಟಾಗ ಹಾಲಿನಂತೆ ಬೆಳ್ಳಗೆ ಕಾಣುವ ಜೀವಿಗಳನ್ನು ಬೇರ್ಪಡಿಸಿ. ಒಂದನ್ನು ಗಾಜಿನ ಪಟ್ಟಿಯ ಮೇಲೆ ಮೆಲ್ಲಗೆ ಒತ್ತಿ, 1000 ಪಟ್ಟು ಹಿಗ್ಗಿಸಿ ನೋಡಿದಾಗ ಕೆಲವೇ ಮೈಕ್ರಾನ್ ಉದ್ದದ, ಹೊಳೆಯುವ ಮೊಟ್ಟೆಯಾಕಾರದ ಬೀಜಕಗಳು (ಸೋಂಕು ಹರಡುವ ಸ್ಪೋರ್‌ಗಳು) ತುಂಬಿದ್ದರೆ, ಅದು ಶಿಲೀಂಧ್ರಗಳ ಹತ್ತಿರದ ಸಂಬಂಧಿಯಾದ ಮೈಕ್ರೊಸ್ಪೊರಿಡಿಯಾ ಗುಂಪಿನ ಏಕಕೋಶ ಪರಾವಲಂಬಿ ಆಗಿರುವ ಸಾಧ್ಯತೆ ಹೆಚ್ಚು. ಬೀಜಕದೊಳಗೆ ಸುರುಳಿಯಾಗಿರುವ ನಾಳವು ಚಿಮ್ಮಿ, ಆತಿಥೇಯದ (ಪರಾವಲಂಬಿಗೆ ಆಸರೆಯಾದ ಜೀವಿಯ) ಕೋಶವನ್ನು ಚುಚ್ಚಿ, ಸೋಂಕಿನ ದ್ರವ್ಯವನ್ನು ಒಳಗೆ ಸಾಗಿಸುತ್ತದೆ. ಆದರೆ ಬ್ಯಾಕ್ಟೀರಿಯಾ ಸೋಂಕೂ ದೇಹವನ್ನು ಮಸುಕಾಗಿಸಬಲ್ಲದು, ಆದ್ದರಿಂದ ಬಣ್ಣವನ್ನೇ ನಂಬಿ ತೀರ್ಮಾನಿಸಬಾರದು.

ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಪ್ರಭೇದಗಳು ಒಂದೇ ರೀತಿ ಕಾಣುವುದರಿಂದ ಹೊಸತನವನ್ನು ಸಾಬೀತುಪಡಿಸುವುದೇ ಕಠಿಣವಾದ ಕೆಲಸ. ಕೆಲವು ಮಾದರಿಗಳನ್ನು ಡಿಎನ್‌ಎಗಾಗಿ ಎಥನಾಲ್‌ನಲ್ಲಿಯೂ, ನಾಳದ ಸುರುಳಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಲು ಕೆಲವನ್ನು ಅಂಗಾಂಶ ಕೆಡದಂತೆ ಕಾಪಾಡುವ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿಯೂ ಇಡಿ. ರೈಬೋಸೋಮ್ ಆರ್‌ಎನ್‌ಎ ವಂಶವಾಹಿಯ ಅನುಕ್ರಮವನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ದತ್ತಸಂಗ್ರಹದಲ್ಲಿರುವವುಗಳೊಂದಿಗೆ ಹೋಲಿಸಿ. ಅದು ಯಾವುದರೊಂದಿಗೂ ಹೊಂದದಿದ್ದರೂ ಅವಸರಪಡದೆ, ಆತಿಥೇಯ, ಸೋಂಕಿದ ಅಂಗಾಂಶ, ಬೀಜಕದ ಅಳತೆ ಇವೆಲ್ಲವನ್ನೂ ದಾಖಲಿಸಿ, ಹೊಸ ಪ್ರಭೇದಕ್ಕೆ ಆಧಾರವಾದ ಮಾದರಿ ಸ್ಲೈಡನ್ನು ಸಂಗ್ರಹಾಲಯದಲ್ಲಿ ಇರಿಸಿದ ಮೇಲೆಯೇ, ಪ್ರಾಣಿಗಳ ನಾಮಕರಣ ಸಂಹಿತೆಯ ಪ್ರಕಾರ ಹೆಸರಿಡಬೇಕು.