ಒಂದೇ ದಿನದ ಎರಡು ಟ್ಯೂಬ್‌ಗಳು

ಲ್ಯಾಬ್‌ನಲ್ಲಿ ಸೀರಂ (ರಕ್ತದಿಂದ ಬೇರ್ಪಡಿಸಿದ, ರೋಗ ತಡೆಯುವ ಪ್ರತಿಕಾಯಗಳಿರುವ ತಿಳಿ ದ್ರವ) ಜೋಪಾನ ಮಾಡುವ ಕೆಲಸ ನನಗೆ ಬಂದ ಹೊಸತರಲ್ಲಿ, ಹಳೆಯ ಸೀರಂ ಎಂದರೆ ಸತ್ವ ಹೋದದ್ದು ಎಂದೇ ನಂಬಿದ್ದೆ. ಆ ನಂಬಿಕೆ ಹೋದದ್ದು ಎರಡು ಟ್ಯೂಬ್‌ಗಳಿಂದ. ಒಂದೇ ಮೊಲದ ರಕ್ತ, ಒಂದೇ ದಿನ ತೆಗೆದದ್ದು, ಆರು ವರ್ಷ ಮೈನಸ್ 20 ಡಿಗ್ರಿಯಲ್ಲಿ ಇದ್ದದ್ದು.

ಒಂದನ್ನು ಯಾರೂ ಮುಟ್ಟಿರಲಿಲ್ಲ. ಇನ್ನೊಂದು ದಿನಬಳಕೆಯದು: ಕರಗಿಸುವುದು, ಬೇಕಾದಷ್ಟು ತೆಗೆಯುವುದು, ಮತ್ತೆ ಫ್ರೀಜರ್‌ಗೆ. ಎಲೈಸಾ ಎಂದರೆ ಪ್ರತಿಕಾಯ ಇದೆಯೇ ಎಂದು ಬಣ್ಣದಿಂದ ತೋರಿಸುವ ಪರೀಕ್ಷೆ. ವೆಲ್ ಎಂಬ ಸಣ್ಣ ಗುಳಿಗಳ ಸಾಲುಗಳಿರುವ ಅದರ ಪ್ಲೇಟಿನಲ್ಲಿ ಎರಡನ್ನೂ ಅಕ್ಕಪಕ್ಕದ ಸಾಲಲ್ಲಿ ಹಾಕಿ, ವೆಲ್‌ನಿಂದ ವೆಲ್‌ಗೆ ಅರ್ಧರ್ಧ ತೆಳು ಮಾಡುತ್ತ ಹೋದೆ. ಮುಟ್ಟದ ಸೀರಂ 1:12,800ರವರೆಗೂ, ಎಂದರೆ 12,800 ಪಟ್ಟು ತೆಳುವಾಗುವವರೆಗೂ, ಹಳದಿ ಬಣ್ಣ ಕೊಟ್ಟಿತು. ಬಳಸಿದ್ದು 1:1,600ಕ್ಕೇ ನಿಂತಿತು. ಒಂದು ವೆಲ್ ಆಚೀಚೆಯಾದರೆ ಪಿಪೆಟ್ ಹಿಡಿದ ಕೈಯ ವ್ಯತ್ಯಾಸ ಎಂದು ಬಿಟ್ಟುಬಿಡುತ್ತೇನೆ. ಇಲ್ಲಿ ಮೂರು ವೆಲ್ ಹೋಗಿತ್ತು, ಎಂದರೆ ಎಂಟರಲ್ಲಿ ಒಂದು ಪಾಲು ಉಳಿದಿತ್ತು. ಟ್ಯೂಬನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಸಣ್ಣ ಬಿಳಿ ಎಳೆಗಳು ಕಂಡವು. ನೀರು ಹೆಪ್ಪುಗಟ್ಟುವಾಗ ಉಪ್ಪು, ಪ್ರೋಟೀನು ಎಲ್ಲ ಉಳಿದ ದ್ರವದಲ್ಲಿ ಒತ್ತೊತ್ತಾಗಿ ಸೇರುತ್ತವೆ. ಪ್ರತಿ ಸಲವೂ ಒಂದಷ್ಟು ಪ್ರತಿಕಾಯಗಳು ಒಂದಕ್ಕೊಂದು ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತವೆ. ಪ್ರತಿಕಾಯಗಳಲ್ಲಿ ಐಜಿಜಿ ಎಂಬ ಬಗೆ ಇದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಐಜಿಎಂ ಎಂಬ ಬಗೆ ಅಷ್ಟು ಗಟ್ಟಿಯಲ್ಲ.

ಅಂದಿನಿಂದ ಸೀರಂ ಬಂದ ದಿನವೇ 50 ಮೈಕ್ರೋಲೀಟರಿನಂತೆ ಹಂಚಿಬಿಡುತ್ತೇನೆ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ; ಸೂಕ್ಷ್ಮಜೀವಿ ಬೆಳೆಯದಂತೆ 0.02 ಶೇಕಡಾ ಸೋಡಿಯಂ ಅಜೈಡ್ ಬೆರೆಸಿ 4 ಡಿಗ್ರಿಯಲ್ಲಿಟ್ಟು ಬಳಸಿ ಮುಗಿಸುತ್ತೇನೆ. ಅಜೈಡ್ ವಿಷ, ಕೈಗವಸು ಬೇಕೇ ಬೇಕು. ಬಣ್ಣ ಬರಿಸುವ ಪೆರಾಕ್ಸಿಡೇಸ್ ಎನ್‌ಜೈಮ್ ಜೋಡಿಸಿದ ಪ್ರತಿಕಾಯಕ್ಕಂತೂ ಅದನ್ನು ಹಾಕಲೇಬಾರದು, ಎನ್‌ಜೈಮಿನ ಕೆಲಸವನ್ನೇ ತಡೆದುಬಿಡುತ್ತದೆ. ಮತ್ತೆ ಮತ್ತೆ ತೆಗೆಯಲೇಬೇಕಾದ ಸೀರಂಗೆ ಸಮಪಾಲು ಗ್ಲಿಸರಾಲ್ ಸೇರಿಸುತ್ತೇನೆ, ಮೈನಸ್ 20ರಲ್ಲೂ ದ್ರವವಾಗಿಯೇ ಇರುತ್ತದೆ. ತಾನಾಗಿ ಮಂಜು ಕರಗಿಸಿಕೊಳ್ಳುವ ಫ್ರೀಜರ್ ಮಾತ್ರ ಬೇಡ. ಅದು ಆಗಾಗ ಒಳಗೇ ಬಿಸಿಯೇರಿ ಇಳಿಯುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಹೋಲಿಸಿ ನೋಡಲು ಕೆಡದ ಒಂದು ಅಳತೆ ಬೇಕು ಎಂಬುದನ್ನು ಜರ್ಮನ್ ವಿಜ್ಞಾನಿ ಪೌಲ್ ಎರ್ಲಿಕ್ 1897ರಲ್ಲೇ ಕಂಡುಕೊಂಡಿದ್ದರು. ಡಿಫ್ತೀರಿಯಾ ಸೀರಂ ಒಣಗಿಸಿ, ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ತಂಪಿನಲ್ಲಿ, ಕತ್ತಲಲ್ಲಿ ಇಟ್ಟರು. ಮಿಕ್ಕ ಸೀರಂಗಳನ್ನೆಲ್ಲ ಅದರ ಎದುರಿಟ್ಟು ಅಳೆದರು. ನಾನು ಪ್ರತಿ ಬ್ಯಾಚಿನ ಹತ್ತು ಟ್ಯೂಬ್‌ಗಳನ್ನು ಮೈನಸ್ 80ರಲ್ಲಿ ಬೇರೆಯೇ ಇಡುತ್ತೇನೆ. ಮುಚ್ಚಳದ ಮೇಲೆ ಕೆಂಪು ಚುಕ್ಕೆ. ವರ್ಷಕ್ಕೊಂದನ್ನು ತೆಗೆದು, ಬಳಕೆಯ ಟ್ಯೂಬಿನ ಪಕ್ಕದ ಸಾಲಿಗೆ ಹಾಕುತ್ತೇನೆ.