ಶರಾವತಿಯ ಮಾಹಿತಿಯನ್ನು ಒಂದೇ ಡೇಟಾಬೇಸಿಗೆ ತಂದದ್ದು: ನನ್ನ ಅನುಭವ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ನಡುವೆ ಲಿಂಗನಮಕ್ಕಿ, ಜೋಗ, ಗೇರುಸೊಪ್ಪ. ನದಿ ಒಂದೇ, ಆದರೆ ಅದರ ಬಗ್ಗೆ ಬರೆದಿಟ್ಟ ಮಾಹಿತಿ ಚೂರುಚೂರಾಗಿದೆ. ಘಟ್ಟದ ಮೇಲಿನ ಹಳ್ಳಗಳ ಮೀನಿನ ಪಟ್ಟಿ ಒಬ್ಬರ ಹತ್ತಿರ. ಅಳಿವೆಯ, ಅಂದರೆ ನದಿ ಸಮುದ್ರ ಸೇರುವ ಜಾಗದ, ಉಪ್ಪಿನಂಶದ ಲೆಕ್ಕ ಇನ್ನೊಬ್ಬರ ಹತ್ತಿರ. ಕರಾವಳಿಯ ಏಡಿ, ಸೀಗಡಿ, ಬಳಚು ಎಂಬ ಚಿಪ್ಪುಜೀವಿ, ಇವುಗಳ ದಾಖಲೆ ಮತ್ತೆಲ್ಲೋ. ಒಬ್ಬರ ಫೈಲಿನ ಪಕ್ಕ ಇನ್ನೊಬ್ಬರ ಫೈಲ್ ಇಟ್ಟರೆ ಎರಡೂ ಒಂದೇ ನದಿಯದ್ದು ಅಂತ ಗೊತ್ತೇ ಆಗುವುದಿಲ್ಲ.

ನಾನು ತಾಳಗುಪ್ಪದಲ್ಲಿ ಕೂತು ಇವನ್ನೆಲ್ಲ ಒಂದೇ ಡೇಟಾಬೇಸಿಗೆ ತರುವ ಕೆಲಸ ಮಾಡುತ್ತಿದ್ದೇನೆ. ಮೊದಲು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಊರಿಗೆ ಬಂದ ಮೇಲೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಮೇಷ್ಟ್ರನ್ನು ನೋಡಲು ಶಿವಮೊಗ್ಗಕ್ಕೆ ಹೋಗಿದ್ದೆ. ಅವರ ಮನೆಯ ಬೀರುವಿನ ತುಂಬ ಹಳೆಯ ನೋಟ್‌ಬುಕ್ಕುಗಳು. ಹೊನ್ನಾವರದಿಂದ ಗೇರುಸೊಪ್ಪದವರೆಗೆ ದೋಣಿಯಲ್ಲಿ ಹೋಗಿ ಬರೆದವು. "ಇವನ್ನ ಕಂಪ್ಯೂಟರಿಗೆ ಹಾಕು ಮಾರಾಯ್ತಿ. ನಾನಿರೋವಾಗ್ಲೇ ಆದ್ರೆ ಅಕ್ಷರ ಓದಿ ಹೇಳಬಹುದು" ಅಂದರು. ಕೆಲಸ ಅಲ್ಲಿಂದ ಶುರುವಾಯಿತು. ಆಮೇಲೆ ಬೇರೆ ಸಂಶೋಧಕರ ಎಕ್ಸೆಲ್ ಫೈಲುಗಳು, ಹೊನ್ನಾವರದ ಮೀನುಗಾರರ ದಾಖಲೆಗಳು ಸೇರಿಕೊಂಡವು.

ಘಟ್ಟದ ಮೇಲಿನವರಿಗೆ ಸಮುದ್ರದ ಮಾಹಿತಿ ಯಾಕೆ ಅಂತ ನಮ್ಮ ಕಡೆ ಬಹಳ ಜನ ಕೇಳುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಕರೆಂಟು ತೆಗೆದ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಶರಾವತಿ ಅಳಿವೆಯಲ್ಲಿ ಉಪ್ಪು ಕಡಿಮೆ. ಪಕ್ಕದ ಅಘನಾಶಿನಿ ಶಿರಸಿ ಕಡೆಯಿಂದ ಬರುತ್ತದೆ, ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿಯ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಬಳಚು ಹೆಕ್ಕಿ ಬದುಕುವ ಕುಟುಂಬಗಳು ಎಷ್ಟೊಂದು. ಹಾವುಮೀನು ನದಿಯಲ್ಲಿ ಬೆಳೆದು ಮೊಟ್ಟೆ ಇಡಲು ಸಮುದ್ರಕ್ಕೆ ಹೋಗುತ್ತದೆ. ಅದರ ದಾಖಲೆಯನ್ನು ಸಿಹಿನೀರಿನ ಫೈಲಿಗೆ ಹಾಕಬೇಕೋ, ಸಮುದ್ರದ ಫೈಲಿಗೆ ಹಾಕಬೇಕೋ? ಮೇಲಿನ ನೀರಿನ ಲೆಕ್ಕ, ಕೆಳಗಿನ ಉಪ್ಪಿನ ಲೆಕ್ಕ, ಜೀವಿಗಳ ಲೆಕ್ಕ ಮೂರೂ ಒಂದು ಕಡೆ ಕೂರದಿದ್ದರೆ ಇಂಥ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮೊದಲ ದಿನವೇ ಒಂದು ನಿಯಮ ಇಟ್ಟುಕೊಂಡೆ. ಪುಟದಲ್ಲಿ ಏನಿದೆಯೋ ಅದು ಹಾಗೇ ಒಂದು ಟೇಬಲ್‌ಗೆ ಹೋಗಬೇಕು. ಕಾಗುಣಿತ ತಪ್ಪಿದ್ದರೂ ಸರಿ, ಅಳತೆಯ ಘಟಕ ಇಲ್ಲದಿದ್ದರೂ ಸರಿ. ಆ ಟೇಬಲ್ ಅನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ತಿದ್ದಿದ ಅಂಕಿ ಬೇರೆ ಟೇಬಲ್‌ನಲ್ಲಿ. ಯಾರು ತಿದ್ದಿದ್ದು, ಯಾಕೆ ತಿದ್ದಿದ್ದು, ಯಾವ ಲೆಕ್ಕ ಹಾಕಿದ್ದು ಅನ್ನುವುದು ಅದರ ಪಕ್ಕದಲ್ಲೇ. ಪುಟದ ಫೋಟೋದ ಫೈಲ್ ಹೆಸರೂ ಜೊತೆಗೆ. ಇದರಿಂದ ಕೆಲಸ ಜಾಸ್ತಿಯಾಗುತ್ತದೆ, ನಿಜ. ಆದರೆ ಬೇರೆಯವರು ಮಳೆಯಲ್ಲಿ ನೆನೆದು ಬರೆದ ಅಂಕಿಯನ್ನು ನಾನು ಮನೆಯಲ್ಲಿ ಕೂತು ಅಳಿಸುವುದು ಸರಿಯಲ್ಲ. ನಾಳೆ ನನಗಿಂತ ಚೆನ್ನಾಗಿ ತಿಳಿದವರು ಬಂದು ನನ್ನ ಲೆಕ್ಕವನ್ನು ತೆಗೆದುಹಾಕಲು ದಾರಿ ಇರಬೇಕು, ಅಲ್ವಾ?

ಸಾಫ್ಟ್‌ವೇರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್, ನಕ್ಷೆಯ ಕೆಲಸಕ್ಕೆ ಪೋಸ್ಟ್‌ಜಿಐಎಸ್ ಮತ್ತು ಕ್ಯೂಜಿಐಎಸ್, ಹೆಸರು ಸ್ವಚ್ಛ ಮಾಡಲು ಓಪನ್‌ರಿಫೈನ್. ಎಲ್ಲ ಉಚಿತ. ಎಲ್ಲ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಅದಕ್ಕೇ ನೆಟ್ ಇಲ್ಲದೆಯೂ ನಡೆಯುವ ವ್ಯವಸ್ಥೆ ಬೇಕಿತ್ತು. ಕಾಲಂಗಳ ಹೆಸರನ್ನು ನಾನೇ ಕಟ್ಟಲಿಲ್ಲ. ಜೀವವೈವಿಧ್ಯದ ಮಾಹಿತಿಗೆ ಡಾರ್ವಿನ್ ಕೋರ್ ಎಂಬ ಜಾಗತಿಕ ಮಾನದಂಡ 2009ರಿಂದ ಇದೆ. ಜೀವಿಯ ಹೆಸರು, ದಿನಾಂಕ, ಅಕ್ಷಾಂಶ, ರೇಖಾಂಶ, ಆಳ, ಹಿಡಿದ ವಿಧಾನ, ಪ್ರತಿಯೊಂದಕ್ಕೂ ಅಲ್ಲಿ ಗೊತ್ತಾದ ಹೆಸರಿದೆ. ಅದನ್ನೇ ಬಳಸಿದರೆ ನಾಳೆ ನಮ್ಮ ಮಾಹಿತಿ ಹೊರಗಿನವರ ಮಾಹಿತಿಯ ಜೊತೆ ಸೇರಲು ತೊಂದರೆಯಿಲ್ಲ.

ಟೇಬಲ್‌ಗಳ ಜೋಡಣೆ ಹೀಗಿದೆ. ಒಂದು ಪ್ರವಾಸ. ಅದರೊಳಗೆ ಹಲವು ಸ್ಥಳ. ಪ್ರತಿ ಸ್ಥಳದಲ್ಲಿ ಕೆಲವು ಮಾದರಿ, ಅಂದರೆ ಪರೀಕ್ಷೆಗೆ ತೆಗೆದ ನೀರು ಅಥವಾ ಒಂದು ಸಲ ಹಾಕಿದ ಬಲೆ. ಪ್ರತಿಯೊಂದಕ್ಕೂ ಒಂದು ಗುರುತು ಸಂಖ್ಯೆ, ಜೊತೆಗೆ ಅದು ಯಾವುದರ ಒಳಗಿದೆ ಅನ್ನುವ ಇನ್ನೊಂದು ಸಂಖ್ಯೆ. ಮಾದರಿಯಲ್ಲಿ ಕಂಡ ಜೀವಿಗಳು ಒಂದು ಟೇಬಲ್. ನೀರಿನ ಅಳತೆಗಳು ಇನ್ನೊಂದು. ಅಳತೆಗಳ ಟೇಬಲ್ ಅನ್ನು ಅಡ್ಡಕ್ಕೆ ಬೆಳೆಸಬಾರದು. ಉಷ್ಣಾಂಶಕ್ಕೆ ಒಂದು ಕಾಲಂ, ಉಪ್ಪಿಗೆ ಒಂದು ಕಾಲಂ, ಆಮ್ಲಜನಕಕ್ಕೆ ಒಂದು ಅಂತ ಮಾಡಿದರೆ ಹೊಸ ಫೈಲ್ ಬಂದಾಗಲೆಲ್ಲ ಹೊಸ ಕಾಲಂ ಬೇಕಾಗುತ್ತದೆ. ಅದರ ಬದಲು ಒಂದು ಅಳತೆಗೆ ಒಂದು ಸಾಲು: ಏನನ್ನು ಅಳೆದದ್ದು, ಎಷ್ಟು, ಯಾವ ಘಟಕ, ಯಾವ ಸಾಧನ. ಸಾಲು ಜಾಸ್ತಿಯಾಗುತ್ತವೆ, ಆಗಲಿ. ಪ್ರತಿ ಅಂಕಿಯ ಜೊತೆ ಅದರ ಘಟಕವೂ ವಿಧಾನವೂ ಅಂಟಿಕೊಂಡಿರುತ್ತವೆ.

ಇದು ಎಷ್ಟು ಮುಖ್ಯ ಅಂತ ಉಪ್ಪಿನ ಲೆಕ್ಕಕ್ಕೆ ಬಂದಾಗ ಗೊತ್ತಾಗುತ್ತದೆ. ಈಗಿನವರು ಮೀಟರ್ ಇಳಿಸಿ ವಿದ್ಯುತ್ ವಾಹಕತೆಯಿಂದ ಉಪ್ಪಿನಂಶ ತೆಗೆಯುತ್ತಾರೆ. 1978ರ ಮಾನದಂಡದ ಪ್ರಕಾರ ಆ ಅಂಕಿಗೆ ಘಟಕವೇ ಇಲ್ಲ. ಸಮುದ್ರದ ನೀರು ಸುಮಾರು 35. ಕೆಲವರು ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಉಪ್ಪು ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಬಳಸಿ ಸಾವಿರಕ್ಕೆ ಇಷ್ಟು ಭಾಗ ಅಂತ ಬರೆದಿದ್ದಾರೆ. ಮೇಷ್ಟ್ರ ಕಾಲದವರು ಸಿಲ್ವರ್ ನೈಟ್ರೇಟ್ ಹಾಕಿ ಕ್ಲೋರೈಡ್ ಕಂಡುಹಿಡಿಯುತ್ತಿದ್ದರು. ಹಾಗೆ ಸಿಕ್ಕ ಕ್ಲೋರೈಡ್ ಪ್ರಮಾಣಕ್ಕೆ ಕ್ಲೋರಿನಿಟಿ ಅನ್ನುತ್ತಾರೆ, ಅದನ್ನು 1.80655ರಿಂದ ಗುಣಿಸಿದರೆ ಉಪ್ಪಿನಂಶ ಬರುತ್ತದೆ. ಆದರೆ ಆ ಸೂತ್ರ ಸಮುದ್ರದ ನೀರಿಗಾಗಿ ಮಾಡಿದ್ದು. ಅಲ್ಲಿ ಲವಣಗಳ ಪ್ರಮಾಣ ಒಂದಕ್ಕೊಂದು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಗೇರುಸೊಪ್ಪದ ಹತ್ತಿರದ ಹೊಳೆ ನೀರಿಗೆ ಆ ಲೆಕ್ಕ ನಿಲ್ಲುವುದಿಲ್ಲ. ಹೀಗಾಗಿ ಅಳಿವೆಯ ಬಾಯಿಯ ಕಡೆಯ ಅಂಕಿಗಳನ್ನು ಮಾತ್ರ ಪರಿವರ್ತಿಸಿದೆ. ಮೇಲಿನವು ಕ್ಲೋರೈಡ್ ಆಗಿಯೇ ಉಳಿದಿವೆ.

ನೀರಿನಲ್ಲಿ ಕರಗಿದ ಆಮ್ಲಜನಕದಲ್ಲಿ ಇನ್ನೊಂದು ಪೇಚು. ಕೆಲವು ಫೈಲಿನಲ್ಲಿ ಲೀಟರಿಗೆ ಮಿಲಿಗ್ರಾಂ, ಕೆಲವದರಲ್ಲಿ ಲೀಟರಿಗೆ ಮಿಲಿಲೀಟರ್, ಕೆಲವದರಲ್ಲಿ ಬರೀ ಅಂಕಿ. 1 ಮಿಲಿಲೀಟರ್ ಅಂದರೆ 1.429 ಮಿಲಿಗ್ರಾಂ. ಬರೀ "5.0" ಅಂತಿದ್ದರೆ ಅದು 5 ಮಿಲಿಗ್ರಾಂ ಇರಬಹುದು, 7.1 ಮಿಲಿಗ್ರಾಂ ಕೂಡ ಇರಬಹುದು. ಎರಡೂ ಆಗಬಹುದಾದ ಅಂಕಿಗಳೇ. ಅಂಕಿ ನೋಡಿ ಊಹಿಸುವುದು ಸುಲಭ, ಆದರೆ ನಾನು ಊಹಿಸುವುದಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಟೈಟ್ರೇಷನ್ (ರಾಸಾಯನಿಕ ಹನಿಹನಿಯಾಗಿ ಹಾಕಿ ಅಳೆಯುವ ವಿಧಾನ) ಲೆಕ್ಕ ಇದೆಯಾ ಅಂತ ಹುಡುಕುತ್ತೇನೆ. ಬರೆದವರಿಗೆ ಫೋನ್ ಮಾಡುತ್ತೇನೆ. ಎರಡೂ ಆಗದಿದ್ದರೆ ಅನುಮಾನದ ಗುರುತು ಹಾಕಿ ಬಿಡುತ್ತೇನೆ. ಸಾಗರ ಮಾಹಿತಿಯ ಕೆಲಸದಲ್ಲಿ ಇದಕ್ಕೆ ಒಂದು ಪದ್ಧತಿಯಿದೆ: 1 ಅಂದರೆ ಚೆನ್ನಾಗಿದೆ, 2 ಪರೀಕ್ಷಿಸಿಲ್ಲ, 3 ಅನುಮಾನ, 4 ತಪ್ಪು, 9 ಮಾಹಿತಿ ಇಲ್ಲ. ಪ್ರತಿ ಅಳತೆಗೂ ಇವುಗಳಲ್ಲಿ ಒಂದು ಇರಲೇಬೇಕು.

ಸೊನ್ನೆಯ ವಿಷಯದಲ್ಲಿ ನಾನು ಬಹಳ ಹಟ ಮಾಡುತ್ತೇನೆ. ಫೈಲುಗಳಲ್ಲಿ ಖಾಲಿ ಜಾಗ, ಅಡ್ಡಗೆರೆ, 0, ಮಾಹಿತಿ ಇಲ್ಲ ಅನ್ನಲು ಕೆಲವರು ಹಾಕುವ -999 ಎಲ್ಲ ಇರುತ್ತವೆ. ಅಳೆಯಲೇ ಇಲ್ಲ ಅನ್ನುವುದು ಬೇರೆ. ಅಳೆದರೂ ಸಾಧನಕ್ಕೆ ಸಿಗದಷ್ಟು ಕಡಿಮೆ ಇತ್ತು ಅನ್ನುವುದು ಬೇರೆ. ನಿಜವಾಗಿಯೂ ಸೊನ್ನೆ ಅನ್ನುವುದು ಇನ್ನೂ ಬೇರೆ. ನೈಟ್ರೇಟ್ "0.01ಕ್ಕಿಂತ ಕಡಿಮೆ" ಅಂತ ಬರೆದದ್ದನ್ನು 0 ಮಾಡಿದರೆ ಸರಾಸರಿಯೇ ಸುಳ್ಳಾಗುತ್ತದೆ.

ಜೀವಿಗಳಲ್ಲೂ ಹೀಗೆಯೇ. ಹೊನ್ನಾವರದಲ್ಲಿ ನಮಗೆ ಬಲೆಯ ದಾಖಲೆ ಬರೆದುಕೊಡುವವರೊಬ್ಬರು ಮೊದಮೊದಲು ಏನೂ ಸಿಗದ ದಿನದ ಪುಟವನ್ನು ಖಾಲಿ ಬಿಡುತ್ತಿದ್ದರು. "ಸಿಗ್ಲಿಲ್ಲ ಅಂತ ಎಂತಕ್ಕೆ ಬರೀಬೇಕು ಅಕ್ಕ?" ಅಂತ ಕೇಳಿದರು. ಬಲೆ ಹಾಕಿದ್ದು ಎಷ್ಟು ಹೊತ್ತು, ಬಲೆಯ ಕಣ್ಣು ಎಷ್ಟು ದೊಡ್ಡದು ಅಂತ ಬರೆದು, ಏನೂ ಸಿಗಲಿಲ್ಲ ಅಂತಲೂ ಬರೆದರೆ ಅದೇ ಗಟ್ಟಿ ಮಾಹಿತಿ ಅಂತ ವಿವರಿಸಿದೆ. ಬಲೆಯನ್ನೇ ಹಾಕದ ದಿನಕ್ಕೂ, ಹಾಕಿ ಬರಿಗೈಯಲ್ಲಿ ಬಂದ ದಿನಕ್ಕೂ ಖಾಲಿ ಪುಟ ಒಂದೇ ಥರ ಕಾಣುತ್ತದೆ. ಈಗ ಅವರು ಬರೆಯುವಷ್ಟು ಚೆನ್ನಾಗಿ ಓದಿದವರೂ ಬರೆಯುವುದಿಲ್ಲ. ಉಬ್ಬರವೋ ಇಳಿತವೋ ಅನ್ನುವುದನ್ನೂ ತಾವಾಗಿಯೇ ಸೇರಿಸುತ್ತಾರೆ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುವ ಜಾಗದಲ್ಲಿ ಅದಿಲ್ಲದೆ ಉಪ್ಪಿನ ಅಂಕಿಗೆ ಅರ್ಥವೇ ಇಲ್ಲ.

ಹೆಸರುಗಳ ಕೆಲಸ ನನಗೆ ತುಂಬ ಇಷ್ಟ. ಹೊನ್ನಾವರದಲ್ಲಿ ತಾರ್ಲೆ ಅಂದದ್ದನ್ನು ಮಂಗಳೂರಿನಲ್ಲಿ ಬೂತಾಯಿ ಅನ್ನುತ್ತಾರೆ. ಎರಡೂ ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂಬ ಒಂದೇ ಮೀನು. ಇದು ಸುಲಭ. ವೈಜ್ಞಾನಿಕ ಹೆಸರೇ ಬದಲಾಗುವುದು ಕಷ್ಟ. ಹಳೆಯ ಪಟ್ಟಿಗಳಲ್ಲಿ ಪುಂಟಿಯಸ್ ಫಿಲಮೆಂಟೋಸಸ್ ಅಂತಿರುವ ಹೊಳೆ ಮೀನು 2012ರಿಂದ ಡಾಕಿನ್ಸಿಯಾ ಫಿಲಮೆಂಟೋಸಾ. ಸಮುದ್ರ ಜೀವಿಗಳಿಗೆ ವರ್ಮ್ಸ್ ಎಂಬ ವಿಶ್ವ ನೋಂದಣಿ ಪಟ್ಟಿ ಇದೆ. ಹೆಸರುಗಳ ಪಟ್ಟಿ ಕೊಟ್ಟರೆ ಈಗ ಒಪ್ಪಿತವಾದ ಹೆಸರನ್ನೂ, ಎಂದೂ ಬದಲಾಗದ ಒಂದು ಸಂಖ್ಯೆಯನ್ನೂ ಕೊಡುತ್ತದೆ. ನಾನು ಆ ಸಂಖ್ಯೆಯನ್ನು ಸೇರಿಸಿಕೊಳ್ಳುತ್ತೇನೆ. ಸಿಹಿನೀರಿನ ಮೀನಿಗೆ ಫಿಶ್‌ಬೇಸ್ ಎಂಬ ಮೀನುಗಳ ಜಾಲತಾಣ ನೋಡುತ್ತೇನೆ. ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಮೀನನ್ನು ಹೊಸ ಪ್ರಭೇದ ಅಂತ 2004ರಲ್ಲಿ ವಿವರಿಸಿದರು. ನಮ್ಮ ನದಿಯ ಹೆಸರು ಹೊತ್ತ ಆ ಸಾಲನ್ನು ಸೇರಿಸುವಾಗ ಆದ ಖುಷಿಯೇ ಬೇರೆ.

ಆದರೆ ಎಲ್ಲವನ್ನೂ ಯಂತ್ರಕ್ಕೆ ಬಿಡುವಂತಿಲ್ಲ. ಅಳಿವೆಯ ಕೆಸರಿನ ಏಡಿಯನ್ನು ಹಿಂದೆ ಬಹಳ ಜನ ಸಿಲ್ಲಾ ಸೆರಾಟಾ ಅಂತಲೇ ಬರೆದರು. 1998ರಲ್ಲಿ ಆ ಕುಲವನ್ನು ಮತ್ತೆ ಪರಿಶೀಲಿಸಿ ನಾಲ್ಕು ಪ್ರಭೇದ ಅಂದರು. ಹಳೆಯ ದಾಖಲೆಯ ಸೆರಾಟಾ ನಿಜವಾಗಿ ಆ ನಾಲ್ಕರಲ್ಲಿ ಇನ್ನೊಂದಾದ ಒಲಿವೇಸಿಯಾ ಇದ್ದಿರಬಹುದು. ವರ್ಮ್ಸ್‌ನಲ್ಲಿ ಸೆರಾಟಾ ಈಗಲೂ ಒಪ್ಪಿತ ಹೆಸರೇ. ಹಾಗಾಗಿ ಯಂತ್ರ "ಸರಿ" ಅನ್ನುತ್ತದೆ. ಫೋಟೋ ಇಲ್ಲದ, ಮಾದರಿ ಇಟ್ಟಿಲ್ಲದ ಹಳೆಯ ಏಡಿಗಳನ್ನೆಲ್ಲ ನಾನು ಸಿಲ್ಲಾ ಎಂಬ ಕುಲದ ಮಟ್ಟದಲ್ಲೇ ನಿಲ್ಲಿಸಿದ್ದೇನೆ. ಪುಟದಲ್ಲಿದ್ದ ಹೆಸರು ಮೂಲ ಟೇಬಲ್‌ನಲ್ಲಿ ಹಾಗೇ ಇದೆ.

ಸ್ಥಳದ ಲೆಕ್ಕಕ್ಕೆ ನಕ್ಷೆಯೇ ಒಳ್ಳೆಯ ಪರೀಕ್ಷೆ. ಹೊನ್ನಾವರ ಸುಮಾರು 14.28 ಅಕ್ಷಾಂಶ, 74.44 ರೇಖಾಂಶ. ಯಾರೋ ಇವೆರಡನ್ನು ಅದಲುಬದಲು ಮಾಡಿದ್ದರೆ ನಮ್ಮ ಏಡಿ ನಾರ್ವೆಯ ಉತ್ತರಕ್ಕೆ, ಕೊರೆಯುವ ಚಳಿಯ ಸಮುದ್ರಕ್ಕೆ ಹೋಗಿ ಕೂರುತ್ತದೆ. ಎರಡೂ ಖಾಲಿ ಇದ್ದು ಸೊನ್ನೆಯಾಗಿದ್ದರೆ ಆಫ್ರಿಕಾದ ಗಿನಿ ಕೊಲ್ಲಿಗೆ. ಇವು ತಕ್ಷಣ ಕಾಣುತ್ತವೆ. ಡಿಗ್ರಿ ಮತ್ತು ನಿಮಿಷವನ್ನು ದಶಮಾಂಶ ಅಂದುಕೊಂಡ ತಪ್ಪು ಮಾತ್ರ ಬೇಗ ಕಾಣುವುದಿಲ್ಲ. 14 ಡಿಗ್ರಿ 17 ನಿಮಿಷ ಅಂದರೆ 14.28. ಅದನ್ನು 14.17 ಅಂತ ಬರೆದರೆ ಹನ್ನೆರಡು ಕಿಲೋಮೀಟರಿನಷ್ಟು ದಕ್ಷಿಣಕ್ಕೆ ಸರಿಯುತ್ತದೆ. ಅಲ್ಲೂ ಕರಾವಳಿಯೇ, ಅನುಮಾನ ಬರುವುದಿಲ್ಲ. "ಸೇತುವೆ ಕೆಳಗೆ, ಬಲದಂಡೆ" ಅಂತ ಮಾತ್ರ ಇದ್ದ ಪುಟಗಳಿಗೆ ಮೇಷ್ಟ್ರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನಕ್ಷೆಯಲ್ಲಿ ಚುಕ್ಕೆ ಇಟ್ಟೆ. ಎಷ್ಟು ಮೀಟರ್ ಆಚೀಚೆ ಆಗಬಹುದು ಅನ್ನುವುದನ್ನೂ ಸೇರಿಸಿದೆ.

ದಿನಾಂಕ ಯಾವಾಗಲೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ. 5/6 ಅಂದರೆ ಮೇ ತಿಂಗಳೋ ಜೂನೋ ಅನ್ನುವುದು ನಮಗೆ ದೊಡ್ಡ ವಿಷಯ. ಒಂದರಲ್ಲಿ ಕಡು ಬೇಸಿಗೆ, ಇನ್ನೊಂದರಲ್ಲಿ ಮಳೆ ಹಿಡಿದು ಅಳಿವೆ ಸಿಹಿಯಾಗತೊಡಗುತ್ತದೆ. ಸಮಯದ ಜೊತೆ +05:30 ಸೇರಿಸುತ್ತೇನೆ, ಅಂದರೆ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ 4:30ಕ್ಕೆ ಬಲೆ ಎಳೆದರೆ ಜಾಗತಿಕ ಸಮಯದಲ್ಲಿ ಅದು ಹಿಂದಿನ ದಿನದ ರಾತ್ರಿ 11.

ಬೇರೆ ಬೇರೆ ಮೂಲ ಸೇರಿಸಿದಾಗ ಒಂದೇ ದಾಖಲೆ ಮೂರು ಸಲ ಬರುತ್ತದೆ. ನೋಟ್‌ಬುಕ್ಕಿನಲ್ಲಿ, ಅದರಿಂದ ಬರೆದ ಪ್ರಬಂಧದಲ್ಲಿ, ಅಂತರರಾಷ್ಟ್ರೀಯ ಭಂಡಾರದಿಂದ ಇಳಿಸಿಕೊಂಡ ಫೈಲಿನಲ್ಲಿ. ದಿನ, ಸ್ಥಳ, ಪ್ರಭೇದ ಹೊಂದಿದರೆ ಮೂರನ್ನೂ ಒಂದಕ್ಕೊಂದು ಕಟ್ಟುತ್ತೇನೆ, ಎಣಿಸುವಾಗ ಒಂದನ್ನೇ ಎಣಿಸುತ್ತೇನೆ. ಯಾವುದನ್ನೂ ಅಳಿಸುವುದಿಲ್ಲ. ಎಷ್ಟೋ ಸಲ ಪ್ರಬಂಧದಲ್ಲಿ ಬಿಟ್ಟುಹೋದ ಆಳ ನೋಟ್‌ಬುಕ್ಕಿನಲ್ಲಿ ಸಿಕ್ಕಿದೆ.

ಈಗ ಮೊದಲ ಕಂತನ್ನು ಹೊರಗೆ ಕಳಿಸಲು ಸಿದ್ಧ ಮಾಡುತ್ತಿದ್ದೇವೆ. ಸಮುದ್ರ ಮತ್ತು ಅಳಿವೆಯ ಜೀವಿಗಳು ಓಬಿಸ್‌ಗೆ. ಅದು ಯುನೆಸ್ಕೋದ ಸಾಗರ ಆಯೋಗದಡಿ 2009ರಿಂದ ನಡೆಯುತ್ತಿರುವ ಜಾಗತಿಕ ಭಂಡಾರ. ಶುದ್ಧ ಸಿಹಿನೀರಿನ ಮೀನುಗಳನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಅವು ಎಲ್ಲ ಬಗೆಯ ಜೀವಿಗಳ ಜಾಗತಿಕ ಭಂಡಾರವಾದ ಜಿಬಿಐಎಫ್‌ಗೆ. ಎರಡು ಕಡೆ ಹೋದರೂ ಪ್ರವಾಸದ ಗುರುತು ಸಂಖ್ಯೆ ಒಂದೇ ಇರುತ್ತದೆ. ಬೇಕಾದವರು ಮತ್ತೆ ಜೋಡಿಸಿಕೊಳ್ಳಬಹುದು. ಬರೆದುಕೊಟ್ಟವರ ಹೆಸರು ಹಾಕಿ ಬಳಸಬೇಕು ಅನ್ನುವ ಪರವಾನಗಿ ಆರಿಸಿದ್ದೇವೆ. ಬಲೆಯ ದಾಖಲೆ ಕೊಟ್ಟ ಮೀನುಗಾರರ ಒಪ್ಪಿಗೆ ಕೇಳಿ, ಅವರ ಹೆಸರನ್ನೂ ದಾಖಲಿಸಿದವರು ಎಂಬ ಕಾಲಂನಲ್ಲಿ ಸೇರಿಸುತ್ತಿದ್ದೇವೆ.

ಕಳಿಸುವ ಮೊದಲು ಪರೀಕ್ಷೆಯ ಪ್ರೋಗ್ರಾಂ ಓಡಿಸಿದಾಗ ಅಳಿವೆಯ ಒಳಗಿನ ಬಹಳ ಚುಕ್ಕೆಗಳು "ನೆಲದ ಮೇಲೆ" ಅಂತ ಕೆಂಪಾದವು. ಅದರೊಳಗಿನ ಕರಾವಳಿಯ ನಕ್ಷೆ ಅಷ್ಟು ಸೂಕ್ಷ್ಮವಾಗಿಲ್ಲ, ನದಿಯ ಬಾಯಿಯಿಂದ ಸ್ವಲ್ಪ ಒಳಗೆ ಹೋದರೆ ಅದಕ್ಕೆ ಎಲ್ಲವೂ ನೆಲವೇ. ಉಪಗ್ರಹ ಚಿತ್ರದ ಮೇಲೆ ಒಂದೊಂದನ್ನೂ ಇಟ್ಟು ನೋಡಿದೆ. ನೀರಿನಲ್ಲಿದ್ದವನ್ನು ಹಾಗೇ ಬಿಟ್ಟು, ಯಾಕೆ ಬಿಟ್ಟೆ ಅಂತ ಷರಾ ಬರೆದೆ. ದಂಡೆಗೆ ಹತ್ತಿದ್ದವುಗಳ ಪಟ್ಟಿ ಮಾಡಿ ಮೇಷ್ಟ್ರಿಗೆ ಕೊಟ್ಟಿದ್ದೇನೆ. ಅದು ಮುಗಿದ ಮೇಲೆ ಅವರ ಪ್ಲವಕ ಜೀವಿಗಳ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳ) ನೋಟ್‌ಬುಕ್ಕು ಕೈಗೆತ್ತಿಕೊಳ್ಳಬೇಕು.