ಎರಡು ವರ್ಷಗಳಲ್ಲಿ ಭಾರವಾದದ್ದು ಮೊದಲನೆಯದು

ಹತ್ತನೇ ತರಗತಿಯವರೆಗೆ ರಾಜ್ಯ ಪಠ್ಯಕ್ರಮದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಹನ್ನೊಂದಕ್ಕೆ ಸಿಬಿಎಸ್‌ಇ ಸೀನಿಯರ್ ಸೆಕೆಂಡರಿ ಶಾಲೆಯೊಂದನ್ನು ಸೇರಿ, ಎರಡು ವರ್ಷ ವಿಜ್ಞಾನ ವಿಭಾಗದಲ್ಲಿ ಕಲಿತೆ. ಸೇರುವ ಮುನ್ನ ಹಿರಿಯರೆಲ್ಲ ಎಚ್ಚರಿಸಿದ್ದು ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆಯ ಬಗ್ಗೆ. ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಹನ್ನೊಂದನೇ ತರಗತಿ.

ಅದಕ್ಕೊಂದು ಕಾರಣವಿದೆ. ಹನ್ನೊಂದರ ವಾರ್ಷಿಕ ಪರೀಕ್ಷೆಯನ್ನು ಶಾಲೆಯೇ ನಡೆಸುತ್ತದೆ, ಬೋರ್ಡ್ ಪ್ರಶ್ನೆಪತ್ರಿಕೆಯಲ್ಲಿ ಹನ್ನೆರಡರ ಪಾಠಗಳಷ್ಟೇ ಇರುತ್ತವೆ. ಆದ್ದರಿಂದ ಮೊದಲ ವರ್ಷ ಹೇಗಾದರೂ ದಾಟಿದರಾಯಿತು ಎಂಬ ಭಾವನೆ ತರಗತಿಯ ಅರ್ಧದಷ್ಟು ಜನರಲ್ಲಿತ್ತು, ನನ್ನಲ್ಲೂ ಇತ್ತು. ಜೆಇಇ, ನೀಟ್ ಪರೀಕ್ಷೆಗಳು ಎರಡೂ ವರ್ಷಗಳ ಪಾಠಗಳನ್ನು ಕೇಳುತ್ತವೆ ಎಂಬುದು ತಿಳಿದಿದ್ದರೂ ಅದು ದೂರದ ಮಾತಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಭೌತಶಾಸ್ತ್ರದಲ್ಲಿ. ವರ್ಷದ ಆರಂಭದಲ್ಲೇ ಬರುವ ಸರಳರೇಖೆಯ ಚಲನೆಯ ಪಾಠದಲ್ಲಿ, ಒಂದು ಕ್ಷಣದ ವೇಗವೆಂದರೆ ಸ್ಥಾನದ ಅವಕಲನ (ಅದು ಕಾಲದೊಂದಿಗೆ ಬದಲಾಗುವ ದರ) ಎಂದು ಬರೆದು ಮುಂದೆ ಸಾಗುತ್ತಾರೆ. ಆದರೆ ಎನ್‌ಸಿಇಆರ್‌ಟಿಯ ಗಣಿತ ಪುಸ್ತಕದ 14 ಅಧ್ಯಾಯಗಳಲ್ಲಿ ಅವಕಲನ ಬರುವುದು 12ನೆಯದರಲ್ಲಿ. ಭೌತಶಾಸ್ತ್ರಕ್ಕೆ ಮೊದಲ ತಿಂಗಳುಗಳಲ್ಲೇ ಬೇಕಾದ ಉಪಕರಣವನ್ನು ಗಣಿತ ವರ್ಷದ ಕೊನೆಗೆ ಕೈಗೆ ಕೊಡುತ್ತದೆ. ಈ ಹೊಂದಾಣಿಕೆಯಿಲ್ಲದ ಕ್ರಮವನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಹತ್ತರಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದಿದ್ದ ನನಗೆ ಮೊದಲ ಯೂನಿಟ್ ಟೆಸ್ಟ್‌ನಲ್ಲಿ 25ಕ್ಕೆ 9 ಬಂತು.

ಆಗ ನಾನು ಸೂತ್ರವನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು, ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ವಸ್ತುವೊಂದು t ಸೆಕೆಂಡುಗಳಲ್ಲಿ 5t² ಮೀಟರ್ ಸಾಗುತ್ತದೆ ಎಂದುಕೊಂಡರೆ, 2ರಿಂದ 2.1ನೇ ಸೆಕೆಂಡಿನ ನಡುವೆ ಅದರ ಸರಾಸರಿ ವೇಗ 20.5; 2ರಿಂದ 2.01ರ ನಡುವೆ 20.05, 2.001ರವರೆಗೆ ನೋಡಿದರೆ 20.005. ಅಂತರ ಕಿರಿದಾದಂತೆಲ್ಲ ಉತ್ತರ 20ರತ್ತ ಸರಿಯುವುದು ಕಣ್ಣಿಗೆ ಕಂಡ ಮೇಲೆ, ಅವಕಲನವೆಂಬ ಪದದ ಭಯ ಹೋಯಿತು. ಅದೇ ವಾರ ಗಣಿತದ 12ನೇ ಅಧ್ಯಾಯದ ಮೊದಲ ಅಭ್ಯಾಸವನ್ನು, ತರಗತಿ ಅಲ್ಲಿಗೆ ಬರುವ ತಿಂಗಳುಗಳ ಮೊದಲೇ, ಒಬ್ಬನೇ ಮಾಡಿ ಮುಗಿಸಿದೆ. ಈಗ ಸೇರುವವರಿಗೆ ನಾನು ಹೇಳುವುದು ಇದೊಂದನ್ನೇ: ಹತ್ತರ ಪರೀಕ್ಷೆ ಮುಗಿದ ರಜೆಯಲ್ಲಿ ಆ ಅಧ್ಯಾಯವನ್ನು ತೆರೆಯಿರಿ.

ಮಾಧ್ಯಮದ ಬದಲಾವಣೆ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಕನ್ನಡ ಪಠ್ಯಪುಸ್ತಕ ಜವ (ದಿಕ್ಕಿಲ್ಲದ್ದು) ಮತ್ತು ವೇಗ (ದಿಕ್ಕುಳ್ಳದ್ದು) ಎಂದು ಬೇರ್ಪಡಿಸಿಯೇ ಕಲಿಸಿತ್ತು, ಹಾಗಾಗಿ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಶ್ನೆಗಳಲ್ಲಿ ನಾನು ಎಡವಲಿಲ್ಲ. ಇಂಗ್ಲಿಷ್ ಪದಗಳನ್ನು ನೋಟ್‌ಪುಸ್ತಕದ ಅಂಚಿನಲ್ಲಿ ಕನ್ನಡದ ಪದದ ಎದುರು ಬರೆದುಕೊಂಡದ್ದು ಮೂರು ತಿಂಗಳಿಗೆ ಸಾಕಾಯಿತು.

ವಿಷಯಗಳ ಆಯ್ಕೆಯ ಬಗ್ಗೆ ಒಂದು ಮಾತು. ಹನ್ನೊಂದರಲ್ಲಿ ಓದದ ವಿಷಯವನ್ನು ಹನ್ನೆರಡರಲ್ಲಿ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಗಣಿತವನ್ನು ಬಿಡುವ ಮುನ್ನ ಎರಡು ಸಲ ಯೋಚಿಸಬೇಕಾಗುತ್ತದೆ.

ಪ್ರಯೋಗಾಲಯವನ್ನು ಬಹಳ ಜನ ಉಚಿತ ಅಂಕಗಳ ಕೊಠಡಿ ಎಂದು ತಿಳಿಯುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ಬೋರ್ಡ್ ಪರೀಕ್ಷೆಯಲ್ಲಿ ಎರಡರಲ್ಲೂ ಬೇರೆಬೇರೆಯಾಗಿ ಶೇ. 33 ಪಡೆಯಬೇಕು. ಹನ್ನೊಂದರಲ್ಲಿ ಆಕ್ಸಾಲಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್‌ನ ಟೈಟ್ರೇಶನ್ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು, ಬಣ್ಣ ಬದಲಾಗುವ ಹಂತದಲ್ಲಿ ಅಳೆಯುವ ಪ್ರಯೋಗ) ಮಾಡುವಾಗ ನಾನು ಅಳತೆಯ ಗಾಜಿನ ಕೊಳವೆಯಾದ ಬ್ಯೂರೆಟ್‌ನ ತಿರುಪನ್ನು ಅವಸರದಲ್ಲಿ ತಿರುಗಿಸಿ, ತಿಳಿಗುಲಾಬಿಯ ಬದಲು ಕಡುಗುಲಾಬಿ ಬಣ್ಣ ತರಿಸಿ, ಪಕ್ಕದವರ ರೀಡಿಂಗನ್ನು ನಕಲು ಮಾಡಿದ್ದೂ ಉಂಟು. ಶಿಕ್ಷಕಿ ರೆಕಾರ್ಡ್‌ಗೆ ಸಹಿ ಹಾಕದೆ, ಇಡೀ ಪ್ರಯೋಗವನ್ನು ಮತ್ತೆ ಮಾಡಿಸಿದರು. ಹನಿ ಹನಿಯಾಗಿ ಬಿಡುವುದನ್ನು ಕೈ ಕಲಿತದ್ದು ಅಂದು.

ಮರುವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದದ್ದು ಆಕ್ಸಾಲಿಕ್ ಆಮ್ಲ ಮತ್ತು ಪೊಟ್ಯಾಶಿಯಂ ಪರ್ಮಾಂಗನೇಟ್. ಆಮ್ಲವನ್ನು ಬಿಸಿ ಮಾಡದೆ ಪರ್ಮಾಂಗನೇಟ್ ಬಿಟ್ಟರೆ ಬಣ್ಣ ಬೇಗ ಹೋಗುವುದಿಲ್ಲ, ಕಂದು ಗಷ್ಟು ಕೂಡ ಕಾಣಿಸಿಕೊಳ್ಳಬಹುದು. ಫ್ಲಾಸ್ಕನ್ನು 60–70 ಡಿಗ್ರಿಯವರೆಗೆ ಕಾಯಿಸಿಕೊಂಡೆ. ಪರ್ಮಾಂಗನೇಟ್‌ನ ಗಾಢ ಬಣ್ಣದಲ್ಲಿ ದ್ರವದ ಮೇಲ್ಮೈಯ ಬಾಗಿದ ಕೆಳ ಅಂಚು ಕಾಣದ ಕಾರಣ ಮೇಲಿನ ಅಂಚನ್ನೇ ಓದಿದೆ. ಮೂರು ಸಲವೂ ಬ್ಯೂರೆಟ್ 9.8 ಮಿ.ಲೀ. ತೋರಿಸಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಇದಕ್ಕೆ ಸೂಚಕವನ್ನು ಏಕೆ ಹಾಕಲಿಲ್ಲ?" ಎಂದು ಕೇಳಿದರು. ಪ್ರಯೋಗ ಮುಗಿದದ್ದನ್ನು ಬಣ್ಣ ಬದಲಿಸಿ ತೋರಿಸುವ ವಸ್ತುವೇ ಸೂಚಕ. ಪರ್ಮಾಂಗನೇಟ್‌ನ ಬಣ್ಣವೇ ಸೂಚಕ ಸರ್ ಎಂದೆ. ಅವರು ತಲೆಯಾಡಿಸಿ ಮುಂದಿನ ಟೇಬಲ್‌ಗೆ ಹೋದರು.